ನಾಲ್ಕು ತಿಂಗಳ ಸಸ್ಯಾಹಾರ

ರಮೇಶನ ಬಾಯಲ್ಲಿ ಆಸ್ಟ್ರೇಲಿಯಾ ಕೇಳಿ ಕೇಳಿ ಜಾಫರನಿಗೆ ವಾಕರಿಕೆ ಬರುವಂತಾಗಿತ್ತು. ಆದರೂ ಪ್ರತಿ ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಡಬ್ಲಿನ್ನಿನ ಅಂಚಿನ ಆಡಮ್ಸ್‌ಟೌನಿನಲ್ಲಿದ್ದ ರಮೇಶನ ಮನೆಗೆ ಹೋಗುತ್ತಿದ್ದ, ಸೋಫಾದ ತುದಿಯಲ್ಲಿ ಕೂರುತ್ತಿದ್ದ, ಕತ್ತೆಯ ಹಾಗೆ ತಲೆಯಾಡಿಸುತ್ತಿದ್ದ. ಯಾಕೆಂದರೆ ಅವನಿಗೆ ಆ ಮನೆ ಬೇಕಿತ್ತು.

ಅವನು ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರುತ್ತಿದ್ದ. ಕ್ರಿಸ್‌ಮಸ್‌ಗೆ ಮುಂಚೆ ಖಾಲಿ ಮಾಡಬೇಕು. ಡಬ್ಲಿನ್ನಿನಲ್ಲಿ ಒಂದು ಬಾಡಿಗೆ ಮನೆ ನೋಡಲು ಹೋದರೆ ಬೀದಿಯ ತಿರುವಿನವರೆಗೂ ಜನ ನಿಂತಿರುತ್ತಾರೆ. ಸತ್ತವರ ಮನೆಗೆ ಬಂದವರಂತೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಊರಾಚೆ ಎಲ್ಲಾದರೂ ಹೋಗೋಣವೆಂದರೆ ಎಂಟು ವರ್ಷದ ಜಿಕ್ರಾಳ ಶಾಲೆ ಇರುವುದು ಆಡಮ್ಸ್‌ಟೌನಿನಲ್ಲಿ. ಅವಳು ಆ ಶಾಲೆಗೆ ಹೊಂದಿಕೊಳ್ಳಲಿಕ್ಕೇ ಎರಡು ವರ್ಷ ಹಿಡಿದಿತ್ತು.

ಇಲ್ಲಿನ ಕನ್ನಡದವರಲ್ಲಿ ಒಂದು ರೂಢಿ ಬೆಳೆದಿದೆ. ಮನೆ ಬಿಡುವವನು ಮುಂದಿನ ಬಾಡಿಗೆದಾರನನ್ನು ತಾನೇ ಹುಡುಕಿ ಮಾಲೀಕರಿಗೆ ಒಪ್ಪಿಸುತ್ತಾನೆ. ಮನೆ ಜಾಹೀರಾತಿಗೆ ಹೋಗುವುದೇ ಇಲ್ಲ, ಕೈಯಿಂದ ಕೈಗೆ ದಾಟುತ್ತದೆ. ಹಾಗಾಗಿ ಮನೆ ಬಿಟ್ಟು ಹೊರಟವನು ಆ ಒಂದೆರಡು ತಿಂಗಳು ಮಹಾರಾಜ. ಅವನು ಏನು ಮಾತಾಡಿದರೂ ಕೇಳಬೇಕು. ರಮೇಶ, ನೀರಜಾ ದಂಪತಿ ನವೆಂಬರಿನಲ್ಲಿ ಮೆಲ್ಬೋರ್ನಿಗೆ ಹೊರಟಿದ್ದರು. ರಮೇಶ ಮಾತಾಡುತ್ತಿದ್ದುದು ಆಸ್ಟ್ರೇಲಿಯಾ.

ಆ ದೇಶದ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡಿದ್ದ. ಚಹಾ ಬರುವ ಮೊದಲೇ ಶುರು.

"ನೋಡಿ ಜಾಫರ್, ನಮ್ ಕರ್ನಾಟಕದಂಥವು ನಲವತ್ತು ಹಿಡಿಸುತ್ತೆ ಇದ್ರೊಳಗೆ. ಜನ ಎಷ್ಟು? ಕರ್ನಾಟಕದ ಅರ್ಧದಷ್ಟೂ ಇಲ್ಲ."

"ಮಧ್ಯ ಯಾಕೆ ಹಂಗೆ ಕೆಂಪಗೈತೆ?"

"ಅದು ಮರಳುಗಾಡು. ಅಲ್ಲಿ ಯಾರೂ ಇರಲ್ಲ. ಎಲ್ಲಾರೂ ಅಂಚಲ್ಲೇ. ಸಿಡ್ನಿ, ಮೆಲ್ಬೋರ್ನ್, ಪರ್ತ್."

"ಅಂದ್ರೆ ತಟ್ಟೆ ದೊಡ್ಡದೈತೆ, ಅನ್ನ ಅಂಚಿಗೆ ಮಾತ್ರ ಬಡಿಸವ್ರೆ."

ಪಕ್ಕದಲ್ಲಿದ್ದ ಅಖ್ತರ್ ಬೇಗಂ ಗಂಡನ ಕಾಲು ತುಳಿದಳು. ಜಾಫರ್ ಶಿಡ್ಲಘಟ್ಟದ ಕಡೆಯ ಹಳ್ಳಿಯವನು, ಊರಿನ ಇನ್ನೊಂದು ಮಗ್ಗುಲಿನ ಸ್ಯಾಂಟ್ರಿಯ ಗೋದಾಮುಗಳಲ್ಲಿ ಕೋಲ್ಡ್ ರೂಮ್ ರಿಪೇರಿ ಮಾಡುವವನು. ಅವನ ಬಾಯಿಗೆ ಬಾಗಿಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ರಮೇಶನಿಗೆ ಆ ಮಾತು ತಾಗಲಿಲ್ಲ. ಅವನು ಜನಸಂಖ್ಯೆ ಮುಗಿಸಿ ಚರಿತ್ರೆಗೆ ಬಂದಿದ್ದ. "ಹಿಸ್ಟರಿ ಅಂಥಾ ದೊಡ್ಡದೇನಿಲ್ಲ. ಖಾಲಿ ಜಾಗ ಇತ್ತು, ಇಂಗ್ಲಿಷರು ಬಂದ್ರು, ಕಟ್ಟಿದ್ರು. ಆಮೇಲೆ ಎಲ್ಲಾ ಕಡೆಯಿಂದ ಜನ ಬಂದ್ರು. ಈಗ ಮೂರರಲ್ಲಿ ಒಬ್ಬ ಹೊರಗೆ ಹುಟ್ಟಿದೋನು. ಆದ್ರೆ ಸುಮ್ನೆ ಬಿಟ್ಕೊಳಲ್ಲ. ವೀಸಾ ಕೊಡೋಕೆ ಓದಿಗೆ ಪಾಯಿಂಟು, ವಯಸ್ಸಿಗೆ ಪಾಯಿಂಟು. ಸೋಸಿ ಸೋಸಿ ತಗೋತಾರೆ."

ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದ ಜಿಕ್ರಾ ತಲೆ ಎತ್ತದೆ ತನ್ನ ಐರಿಷ್ ರಾಗದ ಇಂಗ್ಲಿಷಿನಲ್ಲಿ ಹೇಳಿದಳು, "ಅಲ್ಲಿ ಮೊದಲೇ ಜನ ಇದ್ದರು ಅಂಕಲ್. ಸಾವಿರಾರು ವರ್ಷದಿಂದ. ನಮ್ಮ ಟೀಚರ್ ಹೇಳಿದ್ದಾರೆ."

"ಇದ್ರು ಪುಟ್ಟಿ. ಅಲ್ಲೊಬ್ರು ಇಲ್ಲೊಬ್ರು. ಲೆಕ್ಕಕ್ಕಿಲ್ಲ."

ಆ 'ಲೆಕ್ಕಕ್ಕಿಲ್ಲ' ಮೀನಿನ ಮುಳ್ಳಿನಂತೆ ಜಾಫರನ ಗಂಟಲಿಗೆ ಸಿಕ್ಕಿಕೊಂಡಿತು. ಚಹಾದ ಜೊತೆ ನುಂಗಿಕೊಂಡ.

ರಮೇಶ ಈ ದೇಶ ಬಿಡುತ್ತಿದ್ದುದಕ್ಕೆ ಕಾರಣವಿತ್ತು. ಹೋದ ಬೇಸಿಗೆಯಲ್ಲಿ ಕೆಲಸದಿಂದ ಬರುವಾಗ ನಾಲ್ಕೈದು ಪೋಕರಿ ಹುಡುಗರು ರೈಲು ನಿಲ್ದಾಣದ ಬಳಿ ಅಡ್ಡಹಾಕಿ, ಅವನ ಮುಖಕ್ಕೆ ಮೊಟ್ಟೆ ಎಸೆದು, ಕನ್ನಡಕ ಕಿತ್ತು ತುಳಿದಿದ್ದರು. ನಿಮ್ಮ ದೇಶಕ್ಕೆ ಹೋಗು ಎಂದಿದ್ದರು. ಆ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಜಾಫರನೇ. ಮುರಿದ ಕನ್ನಡಕವನ್ನು ರಮೇಶ ಬೆಳಗಿನವರೆಗೂ ಕೈಯಿಂದ ಬಿಟ್ಟಿರಲಿಲ್ಲ. ಆ ಕೈ ನೆನಪಿದ್ದುದರಿಂದಲೇ ಜಾಫರ್ ಇಷ್ಟು ದಿನ ಸಹಿಸಿದ್ದು. ಆದರೆ ಆಮೇಲೆ ರಮೇಶ ಆಡತೊಡಗಿದ ಮಾತು ಬೇರೆ.

"ಹೊಡೆದ ಹುಡುಗರ ಮೇಲೆ ನಂಗೆ ಸಿಟ್ಟಿಲ್ಲ ಜಾಫರ್. ಈಚೆಗೆ ಬಂದು ತುಂಬ್ಕೊಂಡ್ರಲ್ಲ ನಮ್ಮೋರು, ಅವ್ರ ಮೇಲೆ ಸಿಟ್ಟು. ಹನ್ನೆರಡು ವರ್ಷದ ಹಿಂದೆ ನಾವು ಬಂದಾಗ ಎಷ್ಟು ಮರ್ಯಾದೆ ಇತ್ತು. ಈಗ ಯಾವ ಬಸ್ ಹತ್ತಿದ್ರೂ ನಮ್ಮೋರೇ. ಹೆಸರು ಕೆಡಿಸಿಬಿಟ್ರು."

ಜಾಫರ್ ಬಂದದ್ದು ಅವನಿಗಿಂತ ಮೂರು ವರ್ಷ ತಡವಾಗಿ. ಕೆಡಿಸಿದವರಲ್ಲಿ ತಾನೂ ಸೇರಿದೆನೋ ಇಲ್ಲವೋ ಎಂದು ಅವನು ಕೇಳಲಿಲ್ಲ. ಮನೆ ಬೇಕಿತ್ತು.

ಕೊನೆಯ ಭಾನುವಾರ ಬೀಳ್ಕೊಡುಗೆ ಊಟ. ಮನೆಯ ಒಡತಿ ನೂಲಾ ಕೂಡ ಬರುವವಳಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಪಕ್ಕದ ಲೂಕನ್ನಿನಲ್ಲಿ ವಾಸ, ದಿನವೂ ನಾಯಿ ಹಿಡಿದುಕೊಂಡು ಈ ಬೀದಿಯಲ್ಲೇ ನಡೆಯುತ್ತಾಳೆ. ಅವಳು ಬರುವ ಮೊದಲು ರಮೇಶ ಜಾಫರನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದ. ಅಖ್ತರ್ ಬೇಗಂ ಅಲ್ಲೇ ತಾನು ತಂದ ಎಣ್ಣೆಗಾಯಿ ಬಿಸಿ ಮಾಡುತ್ತಿದ್ದಳು.

"ಎಲ್ಲಾ ಸೆಟ್ ಮಾಡಿದೀನಿ," ಎಂದ ರಮೇಶ. "ನೀವು ವೆಜ್ ಅಂತ ಹೇಳಿದೀನಿ."

"ಏನಂತ?"

"ಮುಸ್ಲಿಮರೇ, ಆದ್ರೆ ಪ್ಯೂರ್ ವೆಜ್, ನಮ್ ಥರಾನೇ ಅಂತ. ಹನ್ನೆರಡು ವರ್ಷದ ಹಿಂದೆ ನಮಗೆ ಮನೆ ಕೊಡುವಾಗ ಆಕೆ ಕೇಳಿದ ಮೊದಲ್ನೇ ಪ್ರಶ್ನೆ ಅದೇ. ಮಾಂಸ ತಿಂತೀರಾ ಅಂತ. ನಾವು ಇಲ್ಲ ಅಂದ್ವಿ, ಕೊಟ್ಟಳು. ನೀವು ಮೆತ್ತಗೆ ಹೂಂ ಅನ್ನಿ, ಸಾಕು."

ಜಾಫರನ ಕಿವಿ ಬಿಸಿಯಾಯಿತು. ಬೆಂಗಳೂರಿನಲ್ಲಿ ಮದುವೆಯಾದ ಹೊಸದರಲ್ಲಿ ಮನೆ ಹುಡುಕಿ ಅಲೆದದ್ದು ನೆನಪಾಯಿತು. ಗೇಟಿನ ಬಳಿ ನಗುನಗುತ್ತಾ ಮಾತಾಡಿದವರು ಹೆಸರು ಕೇಳಿದ ಕೂಡಲೇ ಮನೆ ನಿನ್ನೆಯೇ ಹೋಯಿತು ಎನ್ನುತ್ತಿದ್ದರು. ಕೆಲವರು ಅಷ್ಟೂ ಹೇಳದೆ, ವೆಜ್ಜಾ ನಾನ್‌ವೆಜ್ಜಾ ಎಂದು ಕೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಹೊಲಸನ್ನು ಏಳು ಸಮುದ್ರದಾಚೆ ಬಿಟ್ಟು ಬಂದೆನೆಂದುಕೊಂಡರೆ, ಈ ಮನುಷ್ಯ ಅದನ್ನು ಉಪ್ಪಿನಕಾಯಿ ಜಾಡಿಯ ಹಾಗೆ ಬಟ್ಟೆಯಲ್ಲಿ ಸುತ್ತಿ, ಒಡೆಯದಂತೆ ಇಲ್ಲಿಗೂ ಹೊತ್ತು ತಂದಿದ್ದ.

"ರಮೇಶ್, ನಿಮಗೆ ನಾಚಿಕೆ ಅನ್ನೋದು ಐತಾ?"

"ನಾನ್ ನಿಮಗೋಸ್ಕರ ಸುಳ್ಳು ಹೇಳಿದೀನಿ, ನೀವ್ ನನ್ನೇ ಬೈತೀರಲ್ಲ. ಬೇಡ ಅಂದ್ರೆ ಹೇಳಿ, ಇನ್ನೂ ಹತ್ತು ಜನ ಕಾಯ್ತಿದಾರೆ."

ಅಖ್ತರ್ ಬೇಗಂ ಸೌಟು ಹಿಡಿದ ಕೈಯಲ್ಲೇ ಗಂಡನ ರಟ್ಟೆ ಹಿಡಿದಳು. "ರೀ, ಮಗಳ ಸ್ಕೂಲು," ಎಂದಳು. ಅಷ್ಟೇ.

ನೂಲಾ ಬಂದಳು. ಎಣ್ಣೆಗಾಯಿ ತಿಂದು ಮೂಗು ಕೆಂಪು ಮಾಡಿಕೊಂಡು, ಕಣ್ಣೊರೆಸಿಕೊಂಡು, ಜಾಫರನ ಕಡೆ ತಿರುಗಿದಳು. "ಹಾಗಾದರೆ ನೀನೂ ಸಸ್ಯಾಹಾರಿ."

ರಮೇಶ ಅವನ ಮುಖ ನೋಡಿದ. ನೀರಜಾ ನೋಡಿದಳು. ಜಾಫರ್ ತಟ್ಟೆ ನೋಡಿದ.

"ಹೌದು," ಎಂದ.

"ಗ್ರ್ಯಾಂಡ್," ಎಂದು ಇಲ್ಲಿನವರ ರೀತಿಯಲ್ಲಿ ಒಪ್ಪಿ ನೂಲಾ ಇನ್ನೊಂದು ರೊಟ್ಟಿ ತೆಗೆದುಕೊಂಡಳು. ಮನೆ ಸಿಕ್ಕಿತು.

ಸಿಕ್ಕಿದ ಮನೆಯಲ್ಲಿ ಜಾಫರ್ ಕಳ್ಳನ ಹಾಗೆ ಬದುಕಿದ. ಸ್ಯಾಂಟ್ರಿಯ ಅಂಗಡಿಯಿಂದ ಮಾಂಸವನ್ನು ಟೂಲ್ ಬ್ಯಾಗಿನಲ್ಲಿ, ಸ್ಪ್ಯಾನರುಗಳ ಕೆಳಗೆ ಇಟ್ಟು ತರುತ್ತಿದ್ದ. ಒಲೆ ಹಚ್ಚುವ ಮೊದಲು ಅಖ್ತರ್ ಬೇಗಂ ಒಂದೊಂದೇ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವಲು ತುರುಕುತ್ತಿದ್ದಳು. ಹೊಗೆಗೆ ಅಲಾರಂ ಕೂಗಿಕೊಂಡರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುವುದು. ಮಸಾಲೆ ವಾಸನೆ ಹಾಸಿಗೆಗೆ, ಜಿಕ್ರಾಳ ಯೂನಿಫಾರ್ಮಿಗೆ, ಜಾಫರನ ಮೀಸೆಗೂ ಹತ್ತಿತು. ರಂಜಾನಿನ ಬಿರಿಯಾನಿಯನ್ನು ಸ್ಯಾಂಟ್ರಿಯಲ್ಲಿ ಅಖ್ತರ್ ಬೇಗಂಳ ತಂಗಿ ಆಮ್ನಾಳ ಮನೆಯಲ್ಲಿ ಬೇಯಿಸಿ, ಸೂಟ್‌ಕೇಸಿನೊಳಗೆ ಪಾತ್ರೆ ಕೂರಿಸಿ, ಊರಿಂದ ಬಂದವರ ಹಾಗೆ ಎಳೆದುಕೊಂಡು ತಂದರು. ಹಬ್ಬದ ದಿನ ಕಿಟಕಿ ಮುಚ್ಚಿಕೊಂಡು, ಬೆವರುತ್ತಾ ತಿಂದರು. ಜಾಫರನ ಹಳ್ಳಿಯ ಒಂದೇ ಕೋಣೆಯ ಮನೆಯಲ್ಲೂ ಹಬ್ಬದ ದಿನ ಬಾಗಿಲು ತೆರೆದಿರುತ್ತಿತ್ತು. ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸುತ್ತಿದ್ದರು.

ಗೋಡೆಯ ಮೇಲೆ ನಕ್ಷೆ ಕಿತ್ತ ಜಾಗದಲ್ಲಿ ಚೌಕಾಕಾರದ ಬಿಳಿ ಕಲೆ ಉಳಿದಿತ್ತು. ಅದನ್ನು ನೋಡಿದಾಗಲೆಲ್ಲ ರಮೇಶನ ಖಾಲಿ ಜಾಗ ಅವನಿಗೆ ನೆನಪಾಗುತ್ತಿತ್ತು.

ಹಬ್ಬವಾದ ವಾರ ಮೆಲ್ಬೋರ್ನಿನಿಂದ ರಮೇಶನೇ ಫೋನು ಮಾಡಿದ.

"ಇಲ್ಲೂ ಮನೆಗೆ ಇಷ್ಟುದ್ದ ಕ್ಯೂ ಜಾಫರ್. ನಮ್ ಪುಣ್ಯ, ಏಜೆಂಟು ನಮ್ಮೋನೇ ಸಿಕ್ದ. ವೆಜ್ಜಾ ಅಂದ, ಹೂಂ ಅಂದೆ, ಕೀ ಕೊಟ್ಬಿಟ್ಟ. ಬೇರೆಯೋರೆಲ್ಲ ನಿಂತೇ ಇದ್ರು, ಪಾಪ."

"ದೇಶ ಹೆಂಗೈತೆ?"

"ದೇಶ ಚೆನ್ನಾಗಿದೆ. ಆದ್ರೆ ಏನ್ ಹೇಳ್ತೀರಾ, ಈಚೆಗೆ ನಮ್ಮೋರು ಜಾಸ್ತಿ ಬಂದು ತುಂಬ್ಕೊಂಡು..."

ಜಾಫರ್ ಫೋನು ಕಟ್ ಮಾಡಿ, ಸಿಂಕಿನ ಬಳಿ ಹೋಗಿ ಬಾಯಿ ತೊಳೆದುಕೊಂಡ.

ಈಸ್ಟರ್ ಹತ್ತಿರ ಬಂದಾಗ ಒಂದು ಶನಿವಾರ ನೂಲಾ ಬಾಗಿಲು ತಟ್ಟಿದಳು. ಅವಳ ಕಾರಿನ ಹಿಂಬದಿ ತೆರೆದಿತ್ತು.

"ರಾಸ್‌ಕಾಮನ್‌ನಲ್ಲಿ ನನ್ನ ತಮ್ಮ ಕುರಿ ಸಾಕುತ್ತಾನೆ," ಎಂದಳು. "ವರ್ಷವೂ ಒಂದು ಮರಿ ಕಳಿಸುತ್ತಾನೆ. ನಾನೊಬ್ಬಳು ಎಷ್ಟು ತಿನ್ನಲಿ. ನೀವಂತೂ ತಿನ್ನುವುದಿಲ್ಲ. ನಿಮ್ಮ ಪೈಕಿ ತಿನ್ನುವವರು ಯಾರಾದರೂ ಇದ್ದರೆ ಹೇಳು, ಅರ್ಧ ಕೊಟ್ಟು ಹೋಗುತ್ತೇನೆ."

ಜಾಫರ್ ಅವಳ ಹೆಗಲ ಮೇಲಿಂದ ನೋಡಿದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಎಳೆಯ ಮರಿಯ ತೊಡೆ ಹೊರಗೆ ಕಾಣುತ್ತಿತ್ತು. ಹಲಾಲ್ ಆಗಿರಲಿಕ್ಕಿಲ್ಲ, ಅವನಿಗೆ ಬೇಕೂ ಇರಲಿಲ್ಲ. ಇಲ್ಲ, ಯಾರೂ ಇಲ್ಲ ಎಂದರೆ ಆಗುತ್ತಿತ್ತು. ಮನೆ ಉಳಿಯುತ್ತಿತ್ತು. ಒಳಗೆ ಅಖ್ತರ್ ಬೇಗಂ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಆದರೆ ಈ ಮುದುಕಿಯ ಮುಖ ನೋಡಿಕೊಂಡು ಇನ್ನೊಮ್ಮೆ ಹೌದು ಎನ್ನಲು ಅವನ ಹೊಟ್ಟೆ ಒಪ್ಪಲಿಲ್ಲ.

"ನಾವು ತಿನ್ನುತ್ತೇವೆ," ಎಂದ. "ಯಾವಾಗಲೂ ತಿನ್ನುತ್ತಿದ್ದೆವು. ನಮ್ಮ ಕ್ರಮದಂತೆ ಕೊಯ್ದದ್ದನ್ನು ತಿನ್ನುತ್ತೇವೆ. ಸಸ್ಯಾಹಾರಿ ಅನ್ನುವುದು ಸುಳ್ಳು. ಮನೆ ಬಿಡು ಅಂದರೆ ಬಿಡುತ್ತೇನೆ."

ನೂಲಾಳಿಗೆ ಅರ್ಥವಾಗಲಿಲ್ಲ. "ಮನೆ ಯಾಕೆ ಬಿಡಬೇಕು? ಯಾರು ಹೇಳಿದರು ಸುಳ್ಳು ಹೇಳಲಿಕ್ಕೆ?"

"ರಮೇಶ. ನೀವು ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ ಅಂದ. ಅವನಿಗೆ ಕೊಡುವಾಗ ಮೊದಲು ಕೇಳಿದ್ದೇ ಅದಂತೆ."

ಅವಳು ನೆಲ ನೋಡುತ್ತಾ ನೆನಪು ಕೆದಕಿದಳು. ಆಮೇಲೆ ಮುಖ ನಿಧಾನವಾಗಿ ಗಟ್ಟಿಯಾಯಿತು.

"ಕೇಳಿದ್ದೆ," ಎಂದಳು. "ಅವರು ಬಂದ ದಿನ ಒಂದು ಕೋಳಿ ಪೈ ಮಾಡಿಕೊಂಡು ಬಂದಿದ್ದೆ. ಪ್ರಯಾಣ ಮಾಡಿ ದಣಿದಿರುತ್ತಾರೆ ಅಂತ. ತಿನ್ನುತ್ತೀರಾ ಅಂದೆ. ಇಲ್ಲ ಅಂದರು. ವಾಪಸ್ ಮನೆಗೆ ತೆಗೆದುಕೊಂಡು ಹೋದೆ."

ಕಾರಿನೊಳಗೆ ನಾಯಿ ಬೊಗಳಿತು.

"ಹನ್ನೆರಡು ವರ್ಷ," ಎಂದಳು ನೂಲಾ. "ಅಷ್ಟೂ ವರ್ಷ ನನ್ನನ್ನು ಅಂಥವಳು ಅಂದುಕೊಂಡೇ ಆ ಮನುಷ್ಯ ನನಗೆ ಚಹಾ ಕೊಟ್ಟ. ಹೋಗುವ ಮೊದಲು ಆಸ್ಟ್ರೇಲಿಯಾದ ಪಾಠ ಬೇರೆ ಮಾಡಿದ. ಒಳ್ಳೆ ಪಾಯಿಂಟು ಇದ್ದವರು ಕಟ್ಟಿದ ದೇಶವಂತೆ. ನಮ್ಮ ಮುತ್ತಜ್ಜನ ಅಣ್ಣನನ್ನು ಇಂಗ್ಲಿಷರು ಕೈದಿ ಮಾಡಿ ಅಲ್ಲಿಗೆ ಸರಪಳಿ ಹಾಕಿ ಹಡಗು ಹತ್ತಿಸಿದ್ದರು, ಒಂದು ಕುರಿ ಕದ್ದದ್ದಕ್ಕೆ. ಅವನಿಗೆ ಎಷ್ಟು ಪಾಯಿಂಟು ಕೊಟ್ಟರೋ." ನಗಲಿಲ್ಲ. ಜಾಫರನನ್ನು ನೇರವಾಗಿ ನೋಡಿದಳು. "ಅವನು ಹೇಳಿದ. ನೀನು ನಂಬಿದೆ. ನನ್ನನ್ನು ಒಂದು ಮಾತು ಕೇಳಲಿಲ್ಲ."

ಬೈಯಲು ಸದಾ ಸಿದ್ಧನಾಗಿರುತ್ತಿದ್ದ ಜಾಫರ್ ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ.

"ಮನೆಯಲ್ಲಿರು. ಹುಡುಗಿಯ ಶಾಲೆ ಇದೆ," ಎಂದು ಅವಳು ತಿರುಗಿದಳು. ಚಹಾ ಕುಡಿದು ಹೋಗಿ ಎಂದ ಅಖ್ತರ್ ಬೇಗಂಳ ಮಾತಿಗೆ, ಬೇಡ, ಇವತ್ತು ಬೇಡ ಎಂದು ಕೈ ಆಡಿಸಿ, ಕಾರು ಹತ್ತಿ ಹೋದಳು.

ಜಾಫರ್ ಫ್ರಿಜ್ಜಿನಿಂದ ಮಾಂಸ ತೆಗೆದು ಹೆಂಡತಿಯ ಮುಂದೆ ಇಟ್ಟ. ಟವಲುಗಳನ್ನು ಕಿತ್ತು ಬುಟ್ಟಿಗೆ ಎಸೆದ. ಮನೆಯ ಕಿಟಕಿಗಳನ್ನೆಲ್ಲ ತೆರೆದ. ಮಲಗುವ ಕೋಣೆಯದ್ದು ಅಂಟಿಕೊಂಡಿತ್ತು, ಗುದ್ದಿ ತೆರೆದ. ಮಾರ್ಚಿನ ಗಾಳಿ ಚಳಿ ಹೊತ್ತು ನುಗ್ಗಿತು.

"ಡ್ಯಾಡ್, ಫ್ರೀಜಿಂಗ್," ಎಂದಳು ಜಿಕ್ರಾ.

"ಸ್ವೆಟರ್ ಹಾಕ್ಕೋ."

ಈರುಳ್ಳಿ ಕೆಂಪಗಾಯಿತು, ಮಸಾಲೆ ಚಟಪಟ ಎಂದಿತು, ಮಾಂಸದ ವಾಸನೆ ಎದ್ದು ಕಿಟಕಿಯಿಂದ ಬೀದಿಗೆ ಇಳಿಯಿತು. ಜಾಫರ್ ಕಿಟಕಿಯ ಬಳಿ ಕೈ ಕಟ್ಟಿಕೊಂಡು ನಿಂತ. ಯಾರಾದರೂ ಮೂಗು ಮುಚ್ಚಿಕೊಳ್ಳಲಿ, ಯಾರಾದರೂ ಏನಾದರೂ ಅನ್ನಲಿ, ಇಳಿದು ಹೋಗಿ ಜಗಳ ಆಡಿಯೇ ಬಿಡುತ್ತೇನೆ ಎಂದು ಕಾದ.

ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ಹೆಂಗಸೊಬ್ಬಳು ಹೋದಳು. ಎದುರುಮನೆಯ ಪೋಲಿಷ್ ಗಂಡಸು ಕಸದ ಡಬ್ಬ ಎಳೆದು ತಂದು ನಿಲ್ಲಿಸಿದ. ಇಬ್ಬರು ಹುಡುಗರು ಸೈಕಲ್ಲಿನಲ್ಲಿ ಬಂದರು, ಹೋದರು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ನಾಲ್ಕು ತಿಂಗಳು ಅವನು ಕಿಟಕಿ ಮುಚ್ಚಿಕೊಂಡು ಬೆವರಿದ್ದು ಇವರಿಗಾಗಿ. ಜಾಫರನಿಗೆ ತನ್ನ ಮೇಲೆಯೇ ಉಗಿಯುವಷ್ಟು ಹೇಸಿಗೆಯಾಯಿತು. ಒಳಗಿನಿಂದ ಅಖ್ತರ್ ಬೇಗಂ ಊಟಕ್ಕೆ ಕರೆದಳು. ಅವನು ಎರಡು ಸಲ ಕರೆಸಿಕೊಂಡು ಹೋದ.