ಪರದೆ ಹೊತ್ತ ಕಾರು, ತಿರುಗದ ಫ್ಯಾನು

ದರ್ಜಿಯಮ್ಮ ನಾಲ್ಕು ತಿಂಗಳು ಕೂತು ಹೊಲಿದ ನಾಟಕದ ಪರದೆ ಎಷ್ಟು ದೊಡ್ಡದೆಂದರೆ, ಅದರ ಒಂದಂಚಿನಲ್ಲಿ ಬೆಳಗಾದಾಗ ಇನ್ನೊಂದಂಚಿನಲ್ಲಿ ಇನ್ನೂ ಚುಕ್ಕಿಗಳಿರುತ್ತಿದ್ದವು. ಅದನ್ನು ಮಡಚಿ ಮಡಚಿ ಹಳೇ ಕಾರಿನ ಹಿಂದಿನ ಸೀಟಿಗೆ ತುರುಕಿದ್ದಾಗಿತ್ತು. ಆರು ಗಂಟೆಯೊಳಗೆ ಗುಡ್ಡದ ಮೇಲಿನ ರಂಗಮಂದಿರ ಮುಟ್ಟದಿದ್ದರೆ ಅಲ್ಲಿ ಬಾಡಿಗೆಯ ಕಂದು ಪರದೆ ಏರುತ್ತಿತ್ತು. ಅವಳ ನೀಲಿ ಪರದೆ ಮಡಿಕೆಯಲ್ಲೇ ಉಳಿಯುತ್ತಿತ್ತು.

ಕಾರೋ, ಬೆಳಿಗ್ಗೆ ಅರ್ಧ ಏರು ಹತ್ತಿ, ಟ್ರಾಫಿಕ್ಕಿನಲ್ಲಿ ನಿಂತು, ಕುದಿದು, ಒಂದು ಮೋಡದಷ್ಟು ಹಬೆ ಉಗುಳಿ ವಾಪಸು ಬಂದಿತ್ತು. ಇಂಜಿನ್ ತಣಿಸಬೇಕಾದ, ರೇಡಿಯೇಟರ್ ಹಿಂದಿನ ಎರಡೂ ಫ್ಯಾನುಗಳು ತಿರುಗುತ್ತಿರಲಿಲ್ಲ.

ಅವಳ ಗಂಡ ಕಾರುಗಳ ಎಲೆಕ್ಟ್ರಿಷಿಯನ್. ಅಂತಿಂಥವನಲ್ಲ, ಅವನು ಕೆಮ್ಮಿದರೆ ಮೂರು ಬೀದಿಯಾಚೆ ಕೆಟ್ಟು ನಿಂತ ಕಾರುಗಳು ಸ್ಟಾರ್ಟ್ ಆಗುತ್ತಿದ್ದವು.

"ಊರ ಕಾರೆಲ್ಲಾ ನಿಮ್ಮ ಮಾತು ಕೇಳುತ್ತಂತಲ್ಲ ಅಳಿಯಂದ್ರೇ," ಎಂದರು ಅತ್ತೆ, ಮೆಟ್ಟಿಲ ಮೇಲೆ ಪತ್ರಿಕೆ ಹಿಡಿದು. "ಮನೇದಕ್ಕೆ ಕಿವುಡಾ?"

"ಕೇಳುತ್ತೆ ಅತ್ತೆ. ನಿಮ್ಮ ಮಗಳ ಥರಾನೇ, ಸ್ವಲ್ಪ ತಡವಾಗಿ."

ಫ್ಯೂಸ್ ನೋಡಿದ, ಸರಿಯಿತ್ತು. ಬ್ಯಾಟರಿಯಿಂದ ನೇರ ತಂತಿ ಎಳೆದು ಮೋಟರುಗಳಿಗೆ ಮುಟ್ಟಿಸಿದ. ಫ್ಯಾನುಗಳು ತಿರುಗಿದ ರಭಸಕ್ಕೆ ಅತ್ತೆಯ ಪತ್ರಿಕೆ ಹಾರಿಹೋಗಿ, ಉಳಿದ ಸುದ್ದಿಯನ್ನು ಪಕ್ಕದ ಬೀದಿಯವರು ಓದಿ ಹೇಳಬೇಕಾಯಿತು. ಫ್ಯಾನಿಗೆ ಕರೆಂಟು ಬಿಡುವ ರಿಲೇ ಕೆಟ್ಟಿರಬೇಕೆಂದು ಹಾರನ್ನಿನ ರಿಲೇ ಕಿತ್ತು ಅದರ ಜಾಗಕ್ಕೆ ಕೂರಿಸಿದ. ಇಂಜಿನ್ ಕೆಂಡವಾಯಿತು, ಫ್ಯಾನುಗಳು ಮಾತ್ರ ಕದಲಲಿಲ್ಲ.

"ನಾಲ್ಕೂವರೆ ಆಯ್ತು," ಎಂದಳು ಹೆಂಡತಿ.

ಆಗ ಅವನು ತನ್ನ ಕೊನೆಯ ಪದ್ಧತಿ ಹಿಡಿದ: ಬಾನೆಟ್ಟಿಗೆ ತಲೆಯೊರಗಿಸಿ, ಕಣ್ಣು ಮುಚ್ಚಿ, ತಾನೇ ಕರೆಂಟಾಗಿ ತಂತಿಯೊಳಗೆ ನಡೆಯುವುದು. ಬೆಚ್ಚನೆಯ ತಾಮ್ರದ ಓಣಿಯಲ್ಲಿ ಬರಿಗಾಲಲ್ಲಿ ಹೊರಟ. ಫ್ಯೂಸಿನ ಸಣ್ಣ ಸೇತುವೆ ದಾಟಿದ. ರಿಲೇಯ ಬಾಗಿಲು ಮುಚ್ಚಿತ್ತು. "ಬಿಸಿಯಾಯ್ತು ಅಂತ ಕೆಳಗಿನಿಂದ ಯಾರೂ ಕೂಗಲಿಲ್ಲ, ನಾನ್ಯಾಕೆ ತೆಗೀಲಿ?" ಎಂದಿತು ಬಾಗಿಲು. ಕೆಳಕ್ಕೆ ಇಳಿದ. ಓಣಿಯ ಕೊನೆಯಲ್ಲಿ, ರೇಡಿಯೇಟರಿನ ಬುಡದಲ್ಲಿ, ಬಿಸಿ ಕಂಡರೆ ಕೂಗಬೇಕಾದ ಸ್ವಿಚ್ಚಿತ್ತು. ಅದರ ಮುಂದೆ ತಣ್ಣಗೆ, ಸಂಜೆಯ ಆಕಾಶದಂತೆ, ಏನೋ ನೀಲಿ ತೂಗುತ್ತಿತ್ತು.

ಕಣ್ಣು ಬಿಟ್ಟ. ಕಾರಿನಡಿ ತೂರಿ ಸ್ವಿಚ್ಚಿನ ಪ್ಲಗ್ ಎಳೆದ. ಒಳಗೆ ಹೆಬ್ಬೆರಳಿನಷ್ಟು ನೀಲಿ ಕವಚ, ಅಂಚಿಗೆ ನೆರಿಗೆ ಬೇರೆ!

ಅವಳು ಉಳಿದ ತುಂಡುಬಟ್ಟೆ ಎಸೆದವಳೇ ಅಲ್ಲ. ನಲ್ಲಿಗೆ, ಏಣಿಯ ಕಾಲಿಗೆ, ಕೊಡೆಯ ಕವಚಕ್ಕೂ ಇನ್ನೊಂದು ಕವಚ ಹೊಲಿದವಳು.

"ಧೂಳು ಕೂತಿತ್ತು ಕಣ್ರೀ," ಎಂದಳು, ಕೆಂಪಾಗಿ. "ಬಿಚ್ಚಿ, ತೊಡಿಸಿ, ಹಾಗೇ ಒತ್ತಿಟ್ಟೆ."

"ಏನು ಹೊಲಿಗೆಯೇ ಮಾರಾಯ್ತಿ! ಕರೆಂಟಿಗೂ ನುಸುಳೋಕೆ ಜಾಗ ಬಿಟ್ಟಿಲ್ಲ."

"ಹೊಗಳಿದ್ದು ಸಾಕು, ಗಾಡಿ ತೆಗೀರಿ."

ಕವಚ ಕಳಚಿ, ಪ್ಲಗ್ ಒತ್ತಿ, ಹೊರಟರು. ಏರಿನ ನಡುವೆ ಮತ್ತೆ ವಾಹನಗಳ ಸಾಲು ನಿಂತಿತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಇಬ್ಬರೂ ಉಸಿರಾಡುವುದನ್ನೇ ಬಿಟ್ಟರು. ಆಮೇಲೆ ರಿಲೇ ಟಕ್ ಎಂದಿತು. ಬಾನೆಟ್ಟಿನಡಿ ಗಾಳಿ ಎದ್ದಿತು. ಮುಳ್ಳು ನಿದ್ದೆಗಣ್ಣಿನಲ್ಲಿ ಕೆಳಗಿಳಿಯಿತು.

ರಂಗಮಂದಿರದಲ್ಲಿ ಕಂದು ಪರದೆ ಅರ್ಧ ಏರಿತ್ತು.

"ಇಳಿಸ್ರಪ್ಪಾ ಅದನ್ನ!" ಎಂದು ಬಾಗಿಲಿನಿಂದಲೇ ಕೂಗಿದಳು ದರ್ಜಿಯಮ್ಮ.

ನೀಲಿ ಬಿಚ್ಚಿಕೊಳ್ಳುತ್ತಾ ಹೋಯಿತು, ಹೋಗುತ್ತಲೇ ಇತ್ತು. ಗೋಡೆಯ ಗಡಿಯಾರ ಆರು ಹೊಡೆಯುವುದನ್ನೂ ಮರೆತು ನೋಡುತ್ತಾ ನಿಂತುಬಿಟ್ಟಿತು.