ಲೈನಿನಲ್ಲಿ ಮೂರನೆಯವರು

ಆಪರೇಟರಮ್ಮ ಜೀವಮಾನವಿಡೀ ಕಂಡವರ ಮಾತು ಕದ್ದು ಕೇಳಿದವರು. ಕದ್ದು ಎಂದರೆ ಅವರಿಗೆ ಕೋಪ ಬರುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನ ನಾಲ್ಕನೇ ಬೋರ್ಡಿನ ಮುಂದೆ ಕೂತು, ಈ ತೂತಿಗೂ ಆ ತೂತಿಗೂ ವೈರು ಚುಚ್ಚಿ ದೂರದೂರುಗಳಿಗೆ ಟ್ರಂಕ್ ಕಾಲ್ ಜೋಡಿಸುವವರು, ಲೈನ್ ಸರಿಯಿದೆಯೇ ಎಂದು ಒಂದಿಷ್ಟು ಕೇಳಲೇಬೇಕಲ್ಲ! ಆ ಒಂದಿಷ್ಟರಲ್ಲಿ ಊರಿನ ಅರ್ಧ ಜಗಳಗಳೂ ಮುಕ್ಕಾಲು ಪ್ರೇಮಗಳೂ ಕಿವಿಗೆ ಬಿದ್ದಿದ್ದರೆ ತಪ್ಪು ಮಾತಾಡಿದವರದ್ದು. ಅವರಂತೂ ಒಂದು ಗುಟ್ಟನ್ನೂ ಹೊರಗೆ ಬಿಟ್ಟವರಲ್ಲ. ಬಿಡಬೇಕೆಂದು ನಾಲಿಗೆ ತುರಿಸಿದ್ದುಂಟು, ಅದು ಬೇರೆ ಮಾತು.

ಈಗ ಕೆಲಸದಿಂದ ನಿವೃತ್ತರಾಗಿ, ಗಂಡನೂ ತೀರಿಹೋಗಿ, ಮೂರನೇ ಮಹಡಿಯಲ್ಲಿ ಮಗಳು ಅಳಿಯನ ಜೊತೆ ಇದ್ದಾರೆ. ಮಗಳು ಹತ್ತಿರದ ಹಲ್ಲಿನ ಡಾಕ್ಟರ ಬಳಿ ನರ್ಸು. ಅಳಿಯ ಟೈಲ್ಸ್ ಅಂಗಡಿಯ ಮ್ಯಾನೇಜರು. ಟೈಲನ್ನು ಬೆರಳಿನಿಂದ ಬಡಿದು ಒಳಗೆ ಪೊಳ್ಳೋ ಗಟ್ಟಿಯೋ ಹೇಳುವುದರಲ್ಲಿ ಎತ್ತಿದ ಕೈ. ಮನುಷ್ಯರನ್ನೂ ಹಾಗೇ ಬಡಿದು ನೋಡುವ ಅಭ್ಯಾಸ ಅವನಿಗೆ. ಮನೆಗೆಲ್ಲ ಒಂದೇ ಬಚ್ಚಲು, ಒಂದೇ ಕಂಪ್ಯೂಟರು. ಬಚ್ಚಲಿಗೆ ಚಿಲಕವಾದರೂ ಇತ್ತು.

ಕಂಪ್ಯೂಟರು ಹಾಲಿನಲ್ಲಿ, ಕಿಟಕಿಗೂ ಚಪ್ಪಲಿ ಗೂಡಿಗೂ ನಡುವೆ. ಬೆಳಿಗ್ಗೆ ಅದರ ಮುಂದೆ ಅಳಿಯ ಸುದ್ದಿ ಓದುತ್ತಾನೆ, ಸಂಜೆ ಮಗಳು ಹೆಣಿಗೆಯ ವಿಡಿಯೋ ನೋಡುತ್ತಾಳೆ. ಮಧ್ಯಾಹ್ನ ಆಪರೇಟರಮ್ಮನ ಪಾಳಿ. ಅತ್ತೆ ಇಸ್ಪೀಟು ಆಡುತ್ತಾರೆ ಎಂದೇ ಮನೆಯವರ ನಂಬಿಕೆ. ಆ ನಂಬಿಕೆ ಕೆಡದಿರಲೆಂದು ಅವರು ಒಂದೆರಡು ಆಟ ಆಡಿಯೂ ಇಡುತ್ತಿದ್ದರು.

ಉಳಿದ ಹೊತ್ತೆಲ್ಲ ಕೆರೆಯವರಿಗೆ. ಕೆರೆ ದಂಡೆಯ ಊರಿನ ಎಕ್ಸ್‌ಚೇಂಜಿನಲ್ಲಿ ಕೂರುತ್ತಿದ್ದ ಅವರನ್ನು ಆಪರೇಟರಮ್ಮ ಒಮ್ಮೆಯೂ ನೋಡಿರಲಿಲ್ಲ. ಇವರು “ಹಲೋ ಕೆರೆ, ಲೈನ್ ಕೊಡಿ” ಎಂದರೆ ಆ ಕಡೆಯಿಂದ “ತಗೊಳ್ಳಿ, ನಾಲ್ಕನೇ ಬೋರ್ಡು” ಎಂಬ ತುಂಬಿದ ದನಿ. ಅದಕ್ಕಿಂತ ಒಂದು ಮಾತು ಹೆಚ್ಚಾದರೆ ಮೇಲ್ವಿಚಾರಕಿ ನಡುವೆ ಕಿವಿ ಹಾಕುತ್ತಿದ್ದಳು. ಹೀಗೇ ಇಬ್ಬರ ಸರ್ವೀಸೂ ಮುಗಿದಿತ್ತು. ಈಚೆಗೆ ನಿವೃತ್ತ ಆಪರೇಟರುಗಳ ಅಂತರ್ಜಾಲದ ಗುಂಪೊಂದರಲ್ಲಿ ಕೆರೆಯವರು ಸಿಕ್ಕರು. ಅವರ ಹೆಂಡತಿಯೂ ತೀರಿಕೊಂಡಿದ್ದರು. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ಆಪರೇಟರಮ್ಮನ ಗಂಟಲು ದೂರದ ಊರುಗಳನ್ನು ಕೂಗಿ ಕೂಗಿ ಪಳಗಿದ್ದು; ಅವರು ಹಲೋ ಎಂದರೆ ಕೆಳಮನೆಯವರು ಬಾಗಿಲು ತೆಗೆದು ಯಾರೆಂದು ನೋಡುತ್ತಿದ್ದರು. ಹಾಗಾಗಿ ಇಬ್ಬರೂ ಟೈಪು ಮಾಡಿಕೊಂಡೇ ಮಾತಾಡುತ್ತಿದ್ದರು. ಮಾತಾಡುತ್ತ ಮಾತಾಡುತ್ತ, ಬರುವ ಭಾನುವಾರ ಕೆರೆ ನೋಡಲು ಬನ್ನಿ ಎಂದು ಅವರು ಕರೆದರು, ಬರುತ್ತೇನೆ ಎಂದು ಇವರು ಒಪ್ಪಿದರು.

ಇದು ಮನೆಯಲ್ಲಿ ಗೊತ್ತಾಗಬಾರದು ಎಂಬುದು ಆಪರೇಟರಮ್ಮನ ಹಟ. ನಾಚಿಕೆಯಿಂದಲ್ಲ. ಗೊತ್ತಾದರೆ ಅಳಿಯ ತಮಾಷೆ ಮಾಡುತ್ತಾನೆ, ಮಗಳು ಚರ್ಚೆ ಮಾಡುತ್ತಾಳೆ, ಅಷ್ಟರಲ್ಲಿ ಅದು ತನ್ನದಾಗಿ ಉಳಿಯುವುದಿಲ್ಲ. ಊರವರ ಮಾತಿಗೆಲ್ಲ ನಡುವಿನ ಕಿವಿಯಾಗಿ ಆಯಸ್ಸು ಸವೆಸಿದವರಿಗೆ, ನಡುವೆ ಯಾರ ಕಿವಿಯೂ ಇಲ್ಲದ ಒಂದು ಮಾತುಕತೆ ಬೇಕೆನ್ನಿಸಿತ್ತು. ತುಂಬ ಬೇಕೆನ್ನಿಸಿತ್ತು.

ಬಸ್ಸಿನಲ್ಲಿ ಹೋದರೆ ಕಾಲು ಚಾಚಲು ಒಂದು ಕೋಣೆ ಬೇಕಲ್ಲ ಎಂದು ಅವರು ಕೆರೆ ದಂಡೆಯ ಹೋಟೆಲುಗಳನ್ನು ಹುಡುಕಿದರು. ನೋಡಿ, ಪುಟ ಮುಚ್ಚಿ, ಕೈ ತೊಳೆದುಕೊಂಡರು. ಅವರ ಲೆಕ್ಕದಲ್ಲಿ ವೈರು ಕಿತ್ತರೆ ಲೈನ್ ಸತ್ತಿತು. ಬೋರ್ಡಿನ ಮುಂದೆ ಅದು ಎಂದೂ ತಪ್ಪದ ಲೆಕ್ಕ. ಈ ಯಂತ್ರಕ್ಕೆ ಆ ಮರ್ಯಾದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯ ಸುದ್ದಿ ತೆರೆದರೆ ಪಕ್ಕದಲ್ಲೇ ಬಣ್ಣಬಣ್ಣದ ಜಾಹೀರಾತು: “ಕೆರೆ ದಂಡೆಯಲ್ಲಿ ಇಬ್ಬರಿಗೆ ಒಂದು ಕೋಣೆ! ಇನ್ನೂ ಯೋಚಿಸುತ್ತಿದ್ದೀರಾ?” ಅವನು ಯೋಚಿಸತೊಡಗಿದ. ಸಂಜೆ ಮಗಳು ಹೆಣಿಗೆಯ ವಿಡಿಯೋ ಹಾಕಿದರೆ ಅಲ್ಲೂ ಅದೇ ಕೋಣೆ, ಅದೇ ಹಾಸಿಗೆ, ದಿಂಬಿನ ಮೇಲೆ ಎರಡು ಹೂವು. ಅವಳ ಮುಖ ಗಂಟಿಕ್ಕಿತು. ಆಮೇಲೆ ಊಟಕ್ಕೆ ಕೂತಾಗ ಗಂಡ ಹೆಂಡತಿ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಉಪ್ಪು ಬೇಕಾದಾಗಲೂ ಅತ್ತೆಯ ಮೂಲಕವೇ ಕೇಳಿದರು. ಮನೆಯೊಳಗೇ ಟ್ರಂಕ್ ಕಾಲ್ ಶುರುವಾಯಿತಲ್ಲ ಎಂದು ಆಪರೇಟರಮ್ಮನಿಗೆ ಸೋಜಿಗ.

ಮತ್ತೊಂದು ಮಧ್ಯಾಹ್ನ ಅವರು ಕೆರೆಯವರಿಗೆ ಬರೆಯಲು ಕೂತು ‘ಹಲೋ’ ಎಂದು ಒತ್ತಿದರು. ಅಕ್ಷರಗಳು ತಡವಾಗಿ ಬಂದವು. ಒತ್ತಿದ್ದು ಈಗ, ಬಂದದ್ದು ಆಮೇಲೆ. ಪೆಟ್ಟಿಗೆ ಬೇರೆ ಏದುಸಿರು ಬಿಡುತ್ತಿತ್ತು. ಆಪರೇಟರಮ್ಮನ ಕಿವಿ ನಿಮಿರಿತು. ಹಿಂದೆ ಮೇಲ್ವಿಚಾರಕಿ ಗುಟ್ಟಾಗಿ ಲೈನಿಗೆ ಬಂದಾಗ ದನಿ ಹೀಗೇ ಒಂದು ಚೂರು ಕುಗ್ಗುತ್ತಿತ್ತು. ಅವರು ಕೀಲಿಮಣೆಯಿಂದ ಕೈ ತೆಗೆದು, ಬೀದಿ ಕೊನೆಯ ಅಂಗಡಿಯಿಂದ ರಿಪೇರಿಯವನನ್ನು ಕರೆತಂದರು.

ರಿಪೇರಿಯವನು ದಪ್ಪ ಮನುಷ್ಯ. ಮೂರು ಮಹಡಿ ಹತ್ತಿದ ಸಿಟ್ಟನ್ನೆಲ್ಲ ಮೌಸಿನ ಮೇಲೆ ತೀರಿಸಿಕೊಂಡು, ಆಮೇಲೆ ನಕ್ಕ.

“ಅಮ್ಮಾ, ಇದರಲ್ಲಿ ಎರಡು ಜಾತಿ ಹುಳ ಇವೆ. ಒಂದು ಕುಕೀಸ್ ಅಂತ. ನೀವು ಯಾವ್ದೋ ಅಂಗಡಿಗೆ ಇಣುಕಿದ್ರಿ ಅಂತಿಟ್ಕೊಳ್ಳಿ. ಅವನು ನಿಮ್ಮ ಬೆನ್ನಿಗೆ ಒಂದು ಚೀಟಿ ಅಂಟಿಸಿ ಕಳಿಸ್ತಾನೆ. ಮುಂದಿನ ಅಂಗಡಿಯವನು ಆ ಚೀಟಿ ಓದಿ ಅದೇ ಮಾಲು ತೋರಿಸ್ತಾನೆ.”

“ಚೀಟಿ ಇರೋದು ನನ್ನ ಬೆನ್ನಿಗಲ್ವೇನಪ್ಪ?”

“ಮನೆಗೆಲ್ಲ ಒಂದೇ ಕಂಪ್ಯೂಟರ್ ಅಂದ್ರೆ ಎಲ್ಲಾರ್ಗೂ ಒಂದೇ ಬೆನ್ನು. ನೀವು ಹುಡುಕಿದ್ದು ಎಲ್ಲಾರ್ಗೂ ಕಾಣುತ್ತೆ.”

ಹಾಗಾದರೆ ತಾನು ನೋಡಿದ ಹೋಟೆಲು ಮನೆಯವರಿಗೂ ಕಂಡಿದೆ! ಕೋಣೆ, ಇಬ್ಬರು, ಉಪ್ಪಿನ ಟ್ರಂಕ್ ಕಾಲ್, ಎಲ್ಲ ಆಪರೇಟರಮ್ಮನಿಗೆ ಒಮ್ಮೆಗೇ ಅರ್ಥವಾಯಿತು.

“ಇನ್ನೊಂದು ಹುಳ?”

“ಅದು ಗೂಢಚಾರ. ನೀವು ಒತ್ತಿದ ಅಕ್ಷರ, ನೋಡಿದ ಪುಟ, ಎಲ್ಲದರ ಫೋಟೋ ತೆಗೆದು ಇನ್ನೊಬ್ಬರಿಗೆ ಕಳಿಸುತ್ತೆ. ಅದು ತಾನಾಗಿ ಬಂದಿಲ್ಲ, ಮನೆಯವರೇ ಹಾಕಿದ್ದು. ಇಗೋ, ಈ ವಿಳಾಸಕ್ಕೆ ಹೋಗ್ತಿದೆ.”

ವಿಳಾಸ ಟೈಲ್ಸ್ ಅಂಗಡಿಯದು. ಹೆಂಡತಿಯ ಮೇಲೆ ಅನುಮಾನ! ಹಲ್ಲುನೋವಿನವರ ಬಾಯಿ ಬಿಟ್ಟು ಬೇರೇನೂ ನೋಡದ ತನ್ನ ಮಗಳ ಮೇಲೆ! ಆಪರೇಟರಮ್ಮನ ಮೈ ಉರಿದುಹೋಯಿತು.

“ಎರಡನ್ನೂ ತೆಗೀಲಾ?” ಎಂದ ರಿಪೇರಿಯವನು.

“ಚೀಟಿ ಕಿತ್ತುಹಾಕು. ಗೂಢಚಾರ ಇರ್ಲಿ. ಅಷ್ಟು ಕಷ್ಟಪಟ್ಟು ಕೇಳೋಕೆ ಕೂತವರಿಗೆ ಏನಾದ್ರೂ ಹೇಳ್ಬೇಕಲ್ಲ!”

ಅಂದೇ ಅವರು ಹುಡುಕುವ ಜಾಗದಲ್ಲಿ ಟೈಪು ಮಾಡಿದರು: ‘ಹೆಂಡತಿಯನ್ನು ಅನುಮಾನಿಸುವ ಗಂಡಸರಿಗೆ ಬೇಗ ತಲೆ ಬೋಳಾಗುತ್ತದೆಯೇ?’

ಸಂಜೆ ಅಳಿಯ ಬಚ್ಚಲಿಗೆ ಹೋದವನು ಹೊರಗೆ ಬರಲೇ ಇಲ್ಲ. ಮಗಳ ಕೈಗನ್ನಡಿಯನ್ನು ನೆತ್ತಿಯ ಹಿಂದೆ ಹಿಡಿದು ಪರೀಕ್ಷೆ ನಡೆದಿತ್ತು. ಮರುದಿನ ಆಪರೇಟರಮ್ಮ ಬರೆದರು: ‘ಪಾತ್ರೆ ತೊಳೆಯುವ ಗಂಡನನ್ನು ಹೆಂಡತಿ ಬಿಟ್ಟುಹೋಗುತ್ತಾಳೆಯೇ?’ ಆ ಸಂಜೆ ಅಳಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಹೆಂಡತಿಯೇ ಇದೆಲ್ಲ ಬರೆಯುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ಆಪರೇಟರಮ್ಮನಿಗೆ ಈಗ ಕೈ ಕುದುರಿತು. ‘ಅಮ್ಮನಿಗೆ ಸೊಂಟ ನೋವು, ಮೆತ್ತನೆ ಕುರ್ಚಿ ತರಬೇಕೆಂದು ಇವರಿಗೆ ಹೊಳೆಯುವುದೇ ಇಲ್ಲ’ ಎಂದು ಬರೆದರು. ಕುರ್ಚಿ ಬಂತು. ಕೈಗೆ ಆಸರೆ, ಬೆನ್ನಿಗೆ ಆಸರೆ, ಸುತ್ತ ತಿರುಗುವಂಥದ್ದು. ಅದರಲ್ಲಿ ಕೂತು ಒಂದು ಸುತ್ತು ತಿರುಗಿ, ಬಾಯಿಗೆ ಸೆರಗು ಒತ್ತಿಕೊಂಡು ಅವರು ನಕ್ಕದ್ದೇ ನಕ್ಕದ್ದು.

ನಗು ಹೆಚ್ಚು ಕಾಲ ಉಳಿಯಲಿಲ್ಲ. ಅಳಿಯ ಹೂಗುಚ್ಛ ತಂದ ದಿನ ಮಗಳು ಅಡುಗೆಮನೆಗೆ ಬಂದು ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು.

“ಇವ್ರಿಗೆ ಯಾರೋ ಇದ್ದಾಳಮ್ಮ. ಕಂಪ್ಯೂಟರಲ್ಲಿ ಇಬ್ರಿಗೆ ಕೋಣೆ ಅಂತ ಬರ್ತಿತ್ತು. ಈಗ ಅದೂ ಇಲ್ಲ, ಅಳಿಸಿಹಾಕಿದ್ದಾರೆ. ಮೇಲಿಂದ ಪಾತ್ರೆ ತೊಳೀತಾರೆ, ಹೂವು ತರ್ತಾರೆ. ತಪ್ಪು ಮಾಡ್ದೆ ಇರೋ ಗಂಡಸು ಹೀಗೆಲ್ಲ ಬೆಣ್ಣೆ ಹಚ್ತಾನಾ? ನಾನು ಇಲ್ಲಿರಲ್ಲ.”

ಮಗಳು ಹೀಗೆ ಹೆಗಲಿಗೆ ಬಿದ್ದು ಅತ್ತದ್ದು ಅಪ್ಪ ಹೋದಾಗ. ತನ್ನ ಒಂದು ಭಾನುವಾರಕ್ಕೆ ಇಷ್ಟು ಕಣ್ಣೀರೇ? ಅವರು ಒಲೆ ಆರಿಸಿ, ಮಗಳ ಕೈ ಹಿಡಿದು ಹಾಲಿಗೆ ಎಳೆದುಕೊಂಡು ಬಂದರು. ಅಳಿಯ ಹೂವಿಗೆ ನೀರು ಹಾಕುತ್ತಿದ್ದ.

“ಇಬ್ರೂ ಕೇಳಿ. ಆ ಕೋಣೆ ಹುಡುಕಿದ್ದು ನಾನು.”

ಆಮೇಲೆ ಅಳಿಯನ ಕಡೆ ತಿರುಗಿದರು.

“ಅಳಿಯಂದಿರೇ, ನೀವು ಅಂಗಡೀಲಿ ಕೂತು ಓದ್ತಿದ್ರಲ್ಲ, ಬೋಳುತಲೆ, ಪಾತ್ರೆ, ಕುರ್ಚಿ? ಅದನ್ನ ಬರೆದಿದ್ದೂ ನಾನೇ.”

ಅಳಿಯ ಇಂಗು ತಿಂದ ಮಂಗನ ಹಾಗೆ ನಿಂತ. ಮಗಳು ಅವನ ಕಡೆ ತಿರುಗಿದಳು. “ಓದ್ತಿದ್ರಾ? ನನ್ನ ಮೇಲೆ ಕಾವಲು ಹಾಕಿದ್ರಾ?” ಎಂದು ಶುರುವಾಗಿ, ಮದುವೆಯಾದಂದಿನಿಂದ ಬಾಕಿಯಿದ್ದ ಬೈಗುಳವೆಲ್ಲ ಅವನ ಮೇಲೆ ಸುರಿಯಿತು. ಅವನು ಕಿವಿ ಹಿಡಿದುಕೊಂಡ, ಗೂಢಚಾರನನ್ನು ಇವತ್ತೇ ಕಿತ್ತುಹಾಕ್ತೀನಿ ಎಂದು ಆಣೆಯಿಟ್ಟ. ಆಣೆ ಮುಗಿಯುವಷ್ಟರಲ್ಲಿ ಮಗಳಿಗೆ ನಗು ಬಂತು, ಅವಳ ನಗು ನೋಡಿ ಅವನಿಗೂ ಬಂತು. ಆಪರೇಟರಮ್ಮ ನಿಟ್ಟುಸಿರು ಬಿಟ್ಟರು. ಆಗ ಇಬ್ಬರೂ ಒಟ್ಟಿಗೆ ಅವರ ಕಡೆ ತಿರುಗಿದರು.

“ಅಂದ್ಹಾಗೆ ಯಾರಮ್ಮ ಅದು?”

“ಏನು ಕೆಲಸ? ಮಕ್ಕಳೆಷ್ಟು? ಸಕ್ಕರೆ ಕಾಯಿಲೆ ಇದೆಯಾ?”

“ನಾವೂ ಬರ್ತೀವಿ ಅತ್ತೆ. ಕಾರಲ್ಲೇ ಹೋಗೋಣ.”

ಈಗತಾನೆ ಮುಖ ತಿರುಗಿಸಿಕೊಂಡಿದ್ದ ಜೋಡಿ ಒಂದೇ ಸೋಫಾದಲ್ಲಿ ಒತ್ತೊತ್ತಾಗಿ ಕೂತು ವಿಚಾರಣೆ ನಡೆಸಿತು. ಹಳೆ ಸ್ನೇಹಿತರು, ನಾನೊಬ್ಬಳೇ ಹೋಗ್ತೀನಿ, ಅಷ್ಟೇ ಎಂದು ಆಪರೇಟರಮ್ಮ ಬಾಯಿಗೆ ಬೀಗ ಹಾಕಿಕೊಂಡರು.

ಮರುದಿನ ಕಂಪ್ಯೂಟರಿನ ಮುಂದೆ ಕೂತು ಒಂದು ಅಕ್ಷರ ಒತ್ತಿದರು. ಅದು ತಡವಾಗಿ ಬಂತು. ಇನ್ನೊಂದು ಒತ್ತಿದರು. ಅದೂ ತಡ. ಅಳಿಯ ಆಣೆಯನ್ನು ಗಾಳಿಗೆ ತೂರಿದ್ದ. ಅಷ್ಟೇ ಆಗಿದ್ದರೆ ಸರಿ. ಊಟಕ್ಕೆ ಬಂದ ಮಗಳು ತಟ್ಟೆಯತ್ತ ನೋಡದೆ ಫೋನಿನೊಳಗೆ ಮುಖ ಹುದುಗಿಸಿ, ಅಮ್ಮನನ್ನು ಕದ್ದು ನೋಡಿ, ತುಟಿ ಕಚ್ಚಿಕೊಂಡಳು. ಅಂದರೆ ಈಗ ಕೇಳುವವರು ಇಬ್ಬರು. ಆಪರೇಟರಮ್ಮನಿಗೆ ನೋವಾಯಿತು, ನಿಜವಾಗಿಯೂ ನೋವಾಯಿತು. ತಾನು ಅವರಿಗಾಗಿ ಗುಟ್ಟನ್ನೇ ಬಿಟ್ಟುಕೊಟ್ಟರೆ, ಅವರು ಇಣುಕುವ ಕಿಂಡಿ ಮುಚ್ಚಲಾರದೆ ಹೋದರಲ್ಲ.

ಆದರೆ ಬಾಯಿ ಬಿಟ್ಟು ಅನ್ನಲಿಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ಕೆರೆಯವರಿಗೆ ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ ಬರೆದರು: ‘ಭಾನುವಾರ ಹನ್ನೊಂದಕ್ಕೆ ದೋಣಿಕಟ್ಟೆಯ ಹತ್ತಿರ ಕಾಯಿರಿ. ನಾನು ಬಸ್ಸಿನಲ್ಲಿ ಬರುತ್ತೇನೆ. ಮನೆಯವರಿಗೆ ಹೇಳಿಲ್ಲ.’ ಆಮೇಲೆ ಚಪ್ಪಲಿ ಮೆಟ್ಟಿಕೊಂಡು ರಿಪೇರಿಯವನ ಅಂಗಡಿಗೆ ಹೋಗಿ, ಅವನ ಕಂಪ್ಯೂಟರಿನಲ್ಲಿ ಕೂತು ಕೆರೆಯವರಿಗೆ ಬೇರೆಯೇ ಇನ್ನೊಂದು ಸಂದೇಶ ಕಳಿಸಿದರು. ಅಲ್ಲಿಂದಲೇ ಕೆರೆ ದಂಡೆಯ ಹೋಟೆಲಿನಲ್ಲಿ ಇಬ್ಬರಿಗೆ ಒಂದು ಕೋಣೆಯನ್ನೂ ಗೊತ್ತುಮಾಡಿದರು. ಅಕ್ಷರಗಳು ಒತ್ತಿದ ತಕ್ಷಣ ಬಂದವು.

ಭಾನುವಾರ ಬೆಳಿಗ್ಗೆ ಮಗಳೂ ಅಳಿಯನೂ ಅಂಗಡಿಯ ಯಜಮಾನರ ಮನೆಗೆ ಹೋಗಬೇಕು ಎಂದು ರೈಲು ಬಿಟ್ಟರು. ಯಜಮಾನರನ್ನು ನೋಡಲು ಹೋಗುವವನ ಕೊರಳಲ್ಲಿ ದುರ್ಬೀನು ತೂಗಾಡುತ್ತಿತ್ತು. ಆಪರೇಟರಮ್ಮ ಅದನ್ನು ನೋಡಿಯೂ ನೋಡದವರ ಹಾಗೆ, “ನಿಧಾನ ಹೋಗಿ ಬನ್ನಿ, ನಂಗೂ ಬಸ್ಸಿಗೆ ಹೊತ್ತಾಯ್ತು” ಎಂದು ಬಾಲ್ಕನಿಯಿಂದ ಕೈ ಬೀಸಿದರು.

ಹನ್ನೊಂದಾಗುತ್ತಲೇ ಮಗಳ ಫೋನು ಬಂತು.

“ಅಮ್ಮಾ, ಎಲ್ಲಿದ್ದೀಯಾ?”

“ಮನೇಲಿ. ನೀವೆಲ್ಲಿದ್ದೀರಾ? ಯಜಮಾನ್ರ ಮನೆಗೆ ದೋಣೀಲಿ ಹೋಗ್ತೀರಾ?”

“ಏನಂತೆ? ಬಸ್ಸು ತಪ್ಪಿತಂತಾ?” ಎಂದು ಅಳಿಯ ಹಿಂದಿನಿಂದ ಪಿಸುಗುಟ್ಟಿದ್ದು ಇವರಿಗೆ ಚೆನ್ನಾಗಿ ಕೇಳಿಸಿತು.

“ನಿಮ್ಮ ಎದುರಿಗೇ ಹೋಟೆಲ್ ಇದೆ ನೋಡು. ನಿನ್ನ ಹೆಸರು ಹೇಳು, ಕೋಣೆ ಕೊಡ್ತಾರೆ. ಇಬ್ರೂ ಹೋಗಿ ಕೂತ್ಕೊಂಡು ಮಾತಾಡಿ. ಸಂಜೆವರೆಗೂ ಈ ಕಡೆ ತಲೆ ಹಾಕ್ಬೇಡಿ.”

ಮಗಳು ಮೊದಲು “ಅಮ್ಮಾ!” ಎಂದಳು, ಆಮೇಲೆ ನಕ್ಕಳು, ಆಮೇಲೆ ಅವಳ ದನಿ ಯಾಕೋ ತೇವವಾಯಿತು. ಆಪರೇಟರಮ್ಮ ಫೋನ್ ಇಟ್ಟರು. ಇಡುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಕೆರೆಯವರು ಗಿಡ್ಡ. ಆ ದನಿಗೆ ಆರಡಿ ಆಳನ್ನು ಕಲ್ಪಿಸಿಕೊಂಡಿದ್ದ ಆಪರೇಟರಮ್ಮ ಮೊದಲು ಅವರ ತಲೆಯ ಮೇಲಿನ ಗಾಳಿಯನ್ನು ನೋಡಿ, ಆಮೇಲೆ ಕಣ್ಣು ಕೆಳಗಿಳಿಸಬೇಕಾಯಿತು. ಹೊಸ ಬೂಟು ಕಚ್ಚುತ್ತಿತ್ತೇನೋ, ಅವರು ಕುಂಟುತ್ತ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತರು. ಇವರು ಎದುರಿಗೆ ಕೂತರು.

“ಬಸ್ಸು ಸಿಕ್ತಾ?”

“ಸಿಕ್ತು.”

“ಕೂರೋಕೆ ಜಾಗ?”

“ಅದೂ ಸಿಕ್ತು.”

ಅಲ್ಲಿಗೆ ಮಾತು ನಿಂತಿತು. ಮನೆಯಲ್ಲಿ ಯಾರೂ ಇಲ್ಲ, ಕೇಳುವವರಿಲ್ಲ, ಕತ್ತರಿಸುವವರಿಲ್ಲ. ಆದರೂ ಅವರು ಕಿಟಕಿ ನೋಡಿದರು, ಇವರು ಮೇಜು ನೋಡಿದರು. ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೆ ಮುಚ್ಚಿದರು. ಇಷ್ಟಕ್ಕಾಗಿ ಇಷ್ಟೆಲ್ಲ ಆಟ ಕಟ್ಟಿದೆನೇ, ಹೆತ್ತ ಮಗಳ ಕಿವಿಯ ಮೇಲೆ ಹೂವಿಟ್ಟು ಕಳಿಸಿದೆನೇ ಎಂದು ಆಪರೇಟರಮ್ಮನಿಗೆ ಅನ್ನಿಸಿತು. ಚಹಾ ಮಾಡುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದರು.

ನೀರು ಒಲೆಗಿಟ್ಟಾಗ ಗೋಡೆಯ ಆಚೆಯಿಂದ, “ನಂಗೆ ಸಕ್ಕರೆ ಕಮ್ಮಿ” ಎಂಬ ದನಿ ಬಂತು.

ಅದೇ ದನಿ. ಮುಖವಿಲ್ಲದೆ, ಬೂಟಿಲ್ಲದೆ, ತುಂಬಿದ ದನಿ. ಆಪರೇಟರಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

“ಎಷ್ಟು ಕಮ್ಮಿ?” ಎಂದರು ಗಂಟಲು ಬಿಟ್ಟು.

“ನಿಮ್ಮ ಮೇಲ್ವಿಚಾರಕಿಗೆ ನನ್ನ ಮೇಲೆ ಪ್ರೀತಿ ಇತ್ತಲ್ಲ, ಅಷ್ಟು.”

ಆಪರೇಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಡೆಯೂ ನಗು ಕೇಳಿಸಿತು. ಆ ಮೇಲ್ವಿಚಾರಕಿ ಒಮ್ಮೆ ಲೈನಿನಲ್ಲೇ ಗೊರಕೆ ಹೊಡೆದದ್ದನ್ನು ಇವರು ಹೇಳಿದರು. ಆ ಗೊರಕೆಯನ್ನು ತನ್ನ ಕಡೆಯವರಿಗೆಲ್ಲ ಕೇಳಿಸಿದ್ದನ್ನು ಅವರು ಹೇಳಿದರು. ಮಾತಿಗೆ ಮಾತು ಬೆಳೆಯಿತು. ಇವರು ಗೋಡೆಗೆ ಬೆನ್ನು ಕೊಟ್ಟು ನಿಂತರು, ಆ ಕಡೆ ಕುರ್ಚಿಯೊಂದು ಗೋಡೆಯ ಹತ್ತಿರಕ್ಕೆ ಸರಿದ ಸದ್ದಾಯಿತು. ಅವರು ಒಳಗೆ ಬರಲಿಲ್ಲ, ಇವರು ಹೊರಗೆ ಹೋಗಲಿಲ್ಲ. ಚಹಾವನ್ನು ಎರಡು ಸಲ ಬಿಸಿ ಮಾಡಬೇಕಾಯಿತು.