ಕಾದಿರಿಸಿದ ಜಾಗ

"ಈ ನಲ್ಲಿ ಮೊದಲ ಸಲ ತಿರುಗಿಸಿದ ದಿನ ನಮ್ಮಮ್ಮ ಅತ್ತುಬಿಟ್ಟಳು," ಎಂದು ಹೇಳಿ ಸ್ಯೂ ಹೂನ್ ಅಡುಗೆಮನೆಯ ನಲ್ಲಿ ತಿರುಗಿಸಿದಳು. ನೀರು ಸುರಿಯಿತು. ಬಾತಿಕ್ ಅಂಗಿ ತೊಟ್ಟ ಅತಿಥಿಗಳು ತಲೆದೂಗಿದರು. ಒಬ್ಬಾತ ಫೋಟೋ ತೆಗೆದ.

ಹೌಗಾಂಗ್ ಬಡಾವಣೆಯ ಈ ಒಂಬತ್ತನೇ ಮಹಡಿಯ ಮನೆಗೆ ಅವಳು ಎಷ್ಟು ನಿಯೋಗಗಳನ್ನು ಕರೆತಂದಿದ್ದಳೋ ಅವಳಿಗೇ ನೆನಪಿಲ್ಲ. ಚೀನಾದವರು ಬಂದರು, ಆಂಧ್ರದವರು ಬಂದರು, ಆಫ್ರಿಕಾದಿಂದ ಇಬ್ಬರು ಮಂತ್ರಿಗಳೂ ಬಂದು ಹೋದರು. ಹಸಿರು ನಗರದ ನಕ್ಷೆ ಮಾರುವ ಅವಳ ಕಂಪನಿಗೆ ಸೌರಫಲಕ, ಮಳೆನೀರಿನ ಕೊಳವೆಗಳಿಗಿಂತ ಹೆಚ್ಚು ಗಿರಾಕಿ ತಂದದ್ದು ಈ ನಲ್ಲಿ. ಹಳ್ಳಿಯ ಹುಡುಗಿ, ಸರಕಾರ ಒಕ್ಕಲೆಬ್ಬಿಸಿತು, ಬದಲಿಗೆ ಮನೆ ಕೊಟ್ಟಿತು, ಈಗ ನೋಡಿ, ನಗರಗಳನ್ನೇ ಬರೆಯುತ್ತಾಳೆ. ಕತೆ ಸುಳ್ಳಲ್ಲ. ಆದರೆ ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಅಮ್ಮ ನಿಜವಾಗಿ ಅತ್ತದ್ದು ಯಾವುದಕ್ಕೆ ಎಂಬುದೂ ಈಗ ಅವಳಿಗೆ ಖಾತ್ರಿಯಿರಲಿಲ್ಲ.

"ನಿಮ್ಮ ಅಪ್ಪ ಏನು ಕೆಲಸ ಮಾಡ್ತಿದ್ರು ಅಮ್ಮಾ?" ಎಂದು ಹಿಂದೆ ನಿಂತಿದ್ದ ಮುದುಕ ಕೇಳಿದ. ಅವನು ತಾಹಾಂಗ್. ಸುಮಾತ್ರಾದ ಕರಾವಳಿಯಲ್ಲಿ ಹೊಸ ನಗರ ಏಳಲಿರುವ ಅಳಿವೆಯ ಬಾಯಲ್ಲಿ ಒಂದು ಮೀನುಗಾರರ ಹಳ್ಳಿಯಿದೆ, ಅದರ ಮುಖಂಡ. ಜಿಲ್ಲೆಯ ಅಧಿಕಾರಿಗಳು ಅವನನ್ನು ಕರೆತಂದಿದ್ದೇ ನಾಳೆ ಊರಿನ ಪರವಾಗಿ ಒಪ್ಪಿಗೆಯ ರುಜು ಹಾಕಿಸಲು.

"ಕೋಳಿ ಸಾಕ್ತಿದ್ರು, ಪಾಕ್ ತಾಹಾಂಗ್," ಎಂದಳು, ಅವರ ಕಡೆ ಹಿರಿಯರಿಗೆ ಹೇಳುವ 'ಪಾಕ್' ಸೇರಿಸಿ. ಅಪ್ಪ ಸಾಕಿದ್ದು ಹಂದಿ. ಮುಸಲ್ಮಾನ ಅತಿಥಿಗಳು ಬಂದಾಗೆಲ್ಲ ಅವು ಕೋಳಿಯಾಗುತ್ತಿದ್ದವು.

ಉಳಿದವರು ಲಿಫ್ಟಿನತ್ತ ಹೊರಟರೂ ಮುದುಕ ನಲ್ಲಿಯ ಬಳಿಯೇ ನಿಂತ. ಒಮ್ಮೆ ತಿರುಗಿಸಿದ, ನಿಲ್ಲಿಸಿದ, ಮತ್ತೆ ತಿರುಗಿಸಿದ. "ನಮ್ಮಲ್ಲಿ ಉಬ್ಬರ ಬಂದ್ರೆ ನೀರು ತಾನಾಗೇ ಮನೆಯೊಳಗೆ ಬರ್ತದೆ," ಎಂದ. "ಆದ್ರೆ ಉಪ್ಪು. ನನ್ನ ಹೆಂಡತಿ ಎಂಟು ಸಲ ನೆಲದ ಹಲಗೆ ಬದಲಾಯಿಸಿದ್ದಾಳೆ. ಬೈದ್ಕೊಂಡು ಬೈದ್ಕೊಂಡು."

ಅವನಿಗೆ ಮನೆ ಬೇಕಿತ್ತು. ಊರು ಬಿಡೆನೆಂದು ಹಟ ಹಿಡಿಯುವ ಮುದುಕನಾಗಿದ್ದರೆ ಅವಳ ಕೆಲಸ ಸಲೀಸಾಗುತ್ತಿತ್ತು, ಅಂಥವರ ಜತೆ ವಾದಿಸಿ ಅವಳಿಗೆ ರೂಢಿಯಿತ್ತು. ಆಸೆಪಟ್ಟವರ ಮುಂದೆ ನಿಲ್ಲುವುದೇ ಕಷ್ಟ.

ಮಧ್ಯಾಹ್ನ ಊಟಕ್ಕೆ ಮೂಲೆಯ ಅಂಗಡಿಸಾಲಿಗೆ ಹೋದರು. ಜನ ಕಿಕ್ಕಿರಿದಿತ್ತು. ಸ್ಯೂ ಹೂನ್ ಚೀಲದಿಂದ ಟಿಶ್ಯೂ ಪೊಟ್ಟಣ ತೆಗೆದು ಖಾಲಿ ಮೇಜಿನ ಮೇಲಿಟ್ಟು, "ಬನ್ನಿ, ಊಟ ತರೋಣ," ಎಂದಳು.

"ಮೇಜು ಬಿಟ್ಟು ಹೋದ್ರೆ ಯಾರಾದ್ರೂ ಕೂತ್ಕೊಳ್ಳಲ್ವಾ?"

"ಪೊಟ್ಟಣ ಇದೆಯಲ್ಲ. ನಮ್ಮೂರಲ್ಲಿ ಅಷ್ಟೇ ಸಾಕು. ಮಂತ್ರಿ ಬಂದ್ರೂ ಎತ್ತಿಡಲ್ಲ."

ಮುದುಕನಿಗೆ ನಂಬಿಕೆ ಬರಲಿಲ್ಲ. ಹಲಾಲ್ ಅಂಗಡಿಯ ಸಾಲಿನಲ್ಲಿ ನಿಂತೂ ತಿರುತಿರುಗಿ ನೋಡಿದ. ತಟ್ಟೆ ಹಿಡಿದ ಕಚೇರಿಯ ಹುಡುಗರು ಬಂದರು, ಪೊಟ್ಟಣ ಕಂಡರು, ಮುಂದೆ ಹೋದರು. ತೆಂಗಿನಹಾಲಿನ ಅನ್ನ, ನಾಸಿ ಲಮಾಕ್, ತಿನ್ನುತ್ತಾ ಅವನು ಮನಸಾರೆ ನಕ್ಕ. "ಇಂಥ ಊರು! ಕಾಗದದ ಮಾತಿಗೆ ಇಷ್ಟು ಬೆಲೆ!" ಏಳುವಾಗ ಆ ಪೊಟ್ಟಣ ತನಗೆ ಕೊಡಿ ಎಂದು ಕೇಳಿ ಜೇಬಿಗೆ ಹಾಕಿಕೊಂಡ.

ಕಚೇರಿಯಲ್ಲಿ ಹೊಸ ನಗರದ ಮಾದರಿ ಕೋಣೆಯ ಅರ್ಧ ತುಂಬಿತ್ತು. ಸ್ಯೂ ಹೂನಳಿಗಿಂತ ವಯಸ್ಸಿನಲ್ಲಿ ಚಿಕ್ಕವನಾದ, ಹುದ್ದೆಯಲ್ಲಿ ದೊಡ್ಡವನಾದ ವೀ ಕಿಯತ್ ದೀಪಗಳನ್ನು ಹೊತ್ತಿಸಿ ವಿವರಿಸುತ್ತಿದ್ದ. ಇಲ್ಲಿ ಗಾಳಿ ಓಡುತ್ತದೆ, ಇಲ್ಲಿ ಕೊಳಚೆ ಸೋಸಿ ನೀರಾಗುತ್ತದೆ, ಇಲ್ಲಿ ಉಪ್ಪುನೀರಿನ ಕಾಂಡ್ಲಾ ಕಾಡು ಮತ್ತೆ ಬೆಳೆಯುತ್ತದೆ. ತಾಹಾಂಗ್ ಮಾತು ಕೇಳುತ್ತಿರಲಿಲ್ಲ. ಅಳಿವೆ ಹುಡುಕಿ, ಅದರ ಪಕ್ಕದ ಬಿಳಿ ಕಟ್ಟಡಗಳನ್ನು ಬಗ್ಗಿ ನೋಡಿ, ಜೇಬಿನಿಂದ ಟಿಶ್ಯೂ ಪೊಟ್ಟಣ ತೆಗೆದು ಕಡಲಿಗೆ ಮುಖಮಾಡಿದ ಒಂದರ ಮೇಲೆ ಇಟ್ಟ.

"ಇದು ನಮ್ಮದು," ಎಂದ. "ನನ್ನ ದೋಣಿ ಇಲ್ಲಿಂದ ಕಾಣ್ತದೆ."

ಕೋಣೆಯೆಲ್ಲ ನಕ್ಕಿತು. ಜಿಲ್ಲೆಯ ಅಧಿಕಾರಿ ಎಲ್ಲರಿಗಿಂತ ಜೋರಾಗಿ ನಕ್ಕು ಮುದುಕನ ಬೆನ್ನು ತಟ್ಟಿದ. ವೀ ಕಿಯತ್ ಫೋಟೋದವನನ್ನು ಕರೆದು, "ಇದನ್ನ ನಮ್ಮ ಪುಸ್ತಿಕೆಯ ಮುಖಪುಟಕ್ಕೇ ಹಾಕ್ಬೇಕು," ಎಂದ. ಸ್ಯೂ ಹೂನಳಿಗೆ ನಗು ಬರಲಿಲ್ಲ.

ಆ ಕಟ್ಟಡಗಳು ಹಳ್ಳಿಯವರಿಗಲ್ಲ. ಮೊದಲ ನಕ್ಷೆಯಲ್ಲಿ ಹೌದು, ಅವರಿಗೇ ಇದ್ದವು. ಅವುಗಳನ್ನು ಬರೆದವಳೂ ಅವಳೇ. ಆಮೇಲೆ ಆ ಕಡೆಯ ದೊಡ್ಡವರು ಕಡಲ ಮುಖದ ಮನೆಗಳನ್ನು ರಾಜಧಾನಿಯ ಕೊಳ್ಳುಗರಿಗೆ ಇಟ್ಟುಕೊಂಡರು. ಹಳ್ಳಿ ಇದ್ದ ಜಾಗವನ್ನು ಕಾಂಡ್ಲಾ ಉದ್ಯಾನ ಮಾಡಿದರೆ ನಗರಕ್ಕೆ ಅತ್ಯುನ್ನತ ಹಸಿರು ದರ್ಜೆ ಸಿಗುತ್ತದೆ ಎಂದು ಈ ಕಡೆ ಅವಳ ಕಂಪನಿಯವರು ಲೆಕ್ಕ ಹಾಕಿಕೊಟ್ಟರು. ಮೀನುಗಾರರ ಪಾಲಿಗೆ ಉಳಿದದ್ದು ಒಳನಾಡಿನ ತಾಳೆ ತೋಟಗಳ ಹಿಂದೆ, ಕಡಲ ವಾಸನೆಯೂ ತಲುಪದ ಕಡೆ, ಒಂದಷ್ಟು ನಿವೇಶನ. ಮನೆ ಅವರೇ ಕಟ್ಟಿಕೊಳ್ಳಬೇಕು. ನಕ್ಷೆಯಲ್ಲಿ ಹಳ್ಳಿಯ ಮೇಲೆ ಹಸಿರು ಬಣ್ಣ ಎಳೆ ಎಂದಾಗ ಸ್ಯೂ ಹೂನ್ ತಕರಾರು ಮಾಡದೆ ಎಳೆದಳು. ಆ ದಿನ ಅವಳಿಗೆ ಸುಸ್ತಾಗಿತ್ತು.

ಅತಿಥಿಗಳು ಹೋದ ಮೇಲೆ ವೀ ಕಿಯತನನ್ನು ಕೇಳಿದಳು. "ಆ ಮುದುಕನಿಗೆ ಯಾರಾದ್ರೂ ಹೇಳಿದ್ದಾರಾ?"

"ಅವರ ಜನ, ಅವರ ಸರಕಾರ. ಹೇಳೋದು ಅವರ ಕೆಲಸ. ನಾವು ನಕ್ಷೆ ಬರೆದುಕೊಡೋರು."

"ನನ್ನ ಮನೆ ನಲ್ಲಿ ತೋರಿಸಿ ಅವನ ಮೂಗಿಗೆ ತುಪ್ಪ ಸವರಿದ್ದೀವಿ, ಬಾಸ್."

"ಆಂಟಿ," ಎಂದ ಅವನು. ಏನಾದರೂ ಬೇಕಾದಾಗ ಮಾತ್ರ ಹಾಗೆ ಕರೆಯುತ್ತಿದ್ದ. "ನಿವೃತ್ತಿ ಹತ್ತಿರ ಬಂತು. ಈಗ ಯಾಕೆ ಊರ ಉಸಾಬರಿ? ಇದು ಕೈತಪ್ಪಿದ್ರೆ ಕೆಳಗಿನ ಮಹಡಿಯ ಹುಡುಗ್ರು ಮನೆಗೆ ಹೋಗ್ತಾರೆ. ಅವರ ಮುಖ ನೋಡಿ." ಅವನ ಮಾತೂ ಪೂರ್ತಿ ಸುಳ್ಳಲ್ಲ, ಅದೇ ಬೇಸರ.

ಸಂಜೆ ಮಗ್ರಿಬ್ ನಮಾಜಿಗೆ ತಾಹಾಂಗನನ್ನು ಮಸೀದಿಗೆ ಕರೆದೊಯ್ಯುವುದು ಅವಳ ಪಾಲಿಗೆ ಬಂತು. ಕಚೇರಿಯಲ್ಲಿ ಅವನ ಮಲಯ್ ಭಾಷೆ ಬಲ್ಲವಳು ಅವಳೊಬ್ಬಳೇ. ಹಿಂತಿರುಗುವಾಗ ಅವನು ಮಂಡಿ ನೋಯುತ್ತಿದೆ ಎಂದ. ಒಂದು ಕಟ್ಟಡದ ಕೆಳಗಿನ ಖಾಲಿ ಅಂಗಳದಲ್ಲಿ, ಕಲ್ಲಿನ ಮೇಜಿನ ಬಳಿ ಕೂತರು. ಆಚೆ ಯಾರದೋ ಮದುವೆಗೆ ಕುರ್ಚಿ ಜೋಡಿಸುತ್ತಿದ್ದರು.

"ಮನೆಗೆ ಫೋನ್ ಮಾಡಿದ್ದೆ," ಎಂದ. "ಹೆಂಡತಿ ಏನು ಕೇಳಿದ್ಲು ಗೊತ್ತಾ? ಕಿಟಕಿ ಎಷ್ಟು ಅಗಲ, ಪರದೆಗೆ ಎಷ್ಟು ಬಟ್ಟೆ ಬೇಕು ಅಂತ. ನಾನು ಆ ಮಾದರಿಯನ್ನೇ ಅಳೆದು ಬರ್ಬೇಕಿತ್ತಂತೆ."

ಸ್ಯೂ ಹೂನಳಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

"ಅವು ಕೋಳಿ ಅಲ್ಲ, ಪಾಕ್ ತಾಹಾಂಗ್," ಎಂದಳು. "ಹಂದಿ. ನಮ್ಮಪ್ಪ ಹಂದಿ ಸಾಕ್ತಿದ್ದ."

ಮುದುಕ ಮಂಡಿ ನೀವಿಕೊಳ್ಳುತ್ತಾ, "ಸಾಕಲಿ ಬಿಡಿ. ಅವರವರ ಹೊಟ್ಟೆಪಾಡು," ಎಂದ.

"ಅಳಿವೆ ಪಕ್ಕದ ಮನೆ ನಿಮಗಲ್ಲ."

ಅವಳು ಎಲ್ಲ ಹೇಳಿದಳು. ತಾಳೆ ತೋಟ, ನಿವೇಶನ, ಉದ್ಯಾನ, ದರ್ಜೆ. ಹೇಳುವಾಗ ಅವಳ ಮಲಯ್ ತಡವರಿಸಿತು. ಇಂಥ ಮಾತಿಗೆ ಬೇಕಾದ ಪದಗಳನ್ನು ಅವಳು ಆ ಭಾಷೆಯಲ್ಲಿ ಎಂದೂ ಬಳಸಿರಲಿಲ್ಲ.

"ನಮ್ಮ ಅಧಿಕಾರಿಗೆ ಗೊತ್ತಾ?"

"ಗೊತ್ತು."

"ನಿಮಗೂ ಗೊತ್ತಿತ್ತು."

"ಆ ಹಸಿರು ಬಣ್ಣ ಹಚ್ಚಿದ್ದೇ ನಾನು."

"ಮತ್ಯಾಕಮ್ಮ ನಲ್ಲಿ ತೋರಿಸಿದ್ರಿ?"

"ತೋರಿಸು ಅಂದ್ರು. ತೋರಿಸಿದೆ," ಎಂದಳು. ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು.

ಮದುವೆಯವರು ಕುರ್ಚಿ ಎಳೆಯುವ ಸದ್ದು ಕೇಳುತ್ತಲೇ ಇತ್ತು. "ನಾನು ರುಜು ಹಾಕದಿದ್ರೆ ಬೇರೆ ಮುಖಂಡನ್ನ ಮಾಡ್ತಾರೆ," ಎಂದ ಮುದುಕ, ತನಗೆ ತಾನೇ ಎಂಬಂತೆ. "ಆ ಕೆಲಸಕ್ಕೆ ನನ್ನ ಭಾವಮೈದ ತುದಿಗಾಲಲ್ಲಿ ನಿಂತಿದ್ದಾನೆ." ಆಮೇಲೆ ಮೇಜು ಹಿಡಿದು ಎದ್ದ. ಹೋಟೆಲಿನವರೆಗೂ ಕುಂಟುತ್ತಾ ಅವಳ ಮುಂದೆ ಮುಂದೆ ನಡೆದ.

ಮರುದಿನ ಬೆಳಿಗ್ಗೆ ಸಭಾಂಗಣದಲ್ಲಿ ಎರಡು ದೇಶದ ಬಾವುಟ, ಹಸಿರು ಬಟ್ಟೆ ಹೊದಿಸಿದ ಮೇಜು, ಆರ್ಕಿಡ್ ಹೂವು. ಅಧಿಕಾರಿಗಳು ರುಜು ಹಾಕಿದರು, ಚಪ್ಪಾಳೆಯಾಯಿತು. ಕೊನೆಗೆ ಜಿಲ್ಲೆಯ ಅಧಿಕಾರಿ ಮೈಕಿನಲ್ಲಿ, "ನಮ್ಮ ಹಿರಿಯರು, ಪಾಕ್ ತಾಹಾಂಗ್," ಎಂದು ಕರೆದ.

ಮುದುಕ ಎರಡನೇ ಸಾಲಿನಲ್ಲಿದ್ದ. ಕಪ್ಪು ಟೋಪಿ, ಅಧಿಕಾರಿಗಳು ಕೊಡಿಸಿದ ಹೊಸ ಬೂಟು. ಅವನು ಏಳಲಿಲ್ಲ.

ಅಧಿಕಾರಿ ಮತ್ತೊಮ್ಮೆ ಕರೆದ. "ಹಿರಿಯರಿಗೆ ಕಿವಿ ಸ್ವಲ್ಪ ಮಂದ," ಎಂದು ನಕ್ಕ. ಸಭೆಯೂ ನಕ್ಕಿತು. ಅರ್ಧಕ್ಕೆ ಶುರುವಾದ ಚಪ್ಪಾಳೆ ಅಲ್ಲಲ್ಲೇ ನಿಂತಿತು.

ವೀ ಕಿಯತ್ ಬಾಗಿ ಸ್ಯೂ ಹೂನಳ ಕಿವಿಯಲ್ಲಿ, "ಹೋಗಿ ಎಬ್ಬಿಸಿಕೊಂಡು ಬನ್ನಿ. ನಿಮ್ಮ ಮಾತು ಕೇಳ್ತಾನೆ," ಎಂದ. ಅವಳು ಅಲುಗದಿದ್ದಾಗ ಅವಳ ಮುಖ ನೋಡಿದ. "ನೀವೇನಾದ್ರೂ ಹೇಳಿದ್ರಾ?"

"ಹೇಳಿದೆ."

"ಅಯ್ಯೋ, ಆಂಟಿ." ಅವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿಯಿತ್ತು. "ಏನೋ ಒಂದು ಮಾಡಿ ಎಬ್ಬಿಸಿ. ಉಳಿದದ್ದು ಆಮೇಲೆ ನೋಡ್ಕೊಳ್ಳೋಣ."

ಅವಳು ಎದ್ದಳು. ಎಲ್ಲರೂ ನೋಡುತ್ತಿದ್ದಂತೆ ಸಾಲುಗಳ ನಡುವೆ ನಡೆದು ಮುದುಕನ ಬಳಿ ಹೋದಳು. ಅವನು ತಲೆಯೆತ್ತಲಿಲ್ಲ. ಪಕ್ಕದ ಕುರ್ಚಿ ಖಾಲಿಯಿತ್ತು. ಸ್ಯೂ ಹೂನ್ ಅದರಲ್ಲಿ ಕೂತಳು.

ಮೂರನೇ ಸಲ ಹೆಸರು ಕರೆದಾಗ ಅಧಿಕಾರಿಯ ದನಿಯಲ್ಲಿ ನಗುವಿರಲಿಲ್ಲ.

"ಎಷ್ಟೊತ್ತು ಹೀಗೆ ಕೂತಿರಬಹುದಮ್ಮಾ?" ಎಂದು ತಾಹಾಂಗ್ ಮೆಲ್ಲನೆ ಕೇಳಿದ.

"ಗೊತ್ತಿಲ್ಲ. ನಾನು ಯಾವತ್ತೂ ಕೂತಿಲ್ಲ," ಎಂದಳು.

ಮುದುಕ ತಲೆಯಾಡಿಸಿದ. ಬಗ್ಗಿ, ನಿಧಾನವಾಗಿ, ಬೂಟಿನಿಂದ ಒಂದು ಪಾದ ಹೊರಗೆ ತೆಗೆದ. ಆಮೇಲೆ ಇನ್ನೊಂದು. ಬಿರುಕು ಬಿಟ್ಟ ಪಾದಗಳೆರಡನ್ನೂ ನೆಲಗಂಬಳಿಯ ಮೇಲೆ ಊರಿಕೊಂಡು ಕೂತ.